ಗಂಗಾಧರ ಒಪ್ಪಿಕೊಂಡ ತಪ್ಪು

ಗಂಗಾಧರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಿಂದೂಪುರದ ನಮ್ಮ ಗಾರ್ಮೆಂಟ್ಸ್ ಆಫೀಸಿನಲ್ಲಿ ಎಪ್ಪತ್ತು ಕಂಪ್ಯೂಟರುಗಳಿದ್ದವು. ಯಾವುದು ಕೆಟ್ಟರೂ ಮೂಲೆಯ ತನ್ನ ಮೇಜಿನಿಂದಲೇ ಸರಿ ಮಾಡುತ್ತಿದ್ದ. ನಾನು ಅಲ್ಲಿ ಕಸ ಗುಡಿಸುವವಳು. ಒಂದು ದಿನ ಯಾರೂ ಇಲ್ಲದ ಮೇಜು ಒರೆಸುವಾಗ ಎದುರಿನ ಪರದೆಯಲ್ಲಿ ಬಾಣ ತಾನಾಗಿಯೇ ಓಡಾಡಿ, ದಪ್ಪ ಅಕ್ಷರ ಮೂಡಿತು. ಕೂಡಿಸಿಕೊಂಡು ಓದಿದೆ: ‘ಅವ್ವಾ, ಟೀ.’ ಮೂಲೆಯಲ್ಲಿ ಅವನು ನಗುತ್ತಿದ್ದ.

“ಕಾಲಿಗೇನ್ ಲಕ್ವ ಹೊಡೆದೈತೇನ್ಲಾ?” ಎಂದೆ.

“ನಾನು ಎದ್ರೆ ಏನೋ ದೊಡ್ಡದು ಕೆಟ್ಟೈತೆ ಅಂತ ತಿಳ್ಕೊ ಅವ್ವ.”

ಸೊರಗಿದ ಆಳು. ಜೇಬಿನ ತುಂಬ ಹುರಿದ ಕಡಲೆಕಾಯಿ. ಸಿಪ್ಪೆಯೆಲ್ಲ ನನ್ನ ಪೊರಕೆಗೆ. ಕೇಳಿದ್ದಕ್ಕೆ ಮಾತ್ರ ಬೇಸರವಿಲ್ಲದೆ ಹೇಳುತ್ತಿದ್ದ. “ಮೇಜಿನ್ ಮೇಲಿರೋವು ಬರೀ ತಟ್ಟೆ ಕಣವ್ವ. ಅಡಿಗೆಯೆಲ್ಲಾ ಆ ತಣ್ಣನೆ ರೂಮಿನ ಪೆಟ್ಟಿಗೇಲಿ ಆಯ್ತದೆ.”

ಆಯುಧಪೂಜೆಗೆ ಎಲ್ಲರೂ ತಮ್ಮ ತಮ್ಮ ಪರದೆಗೆ ಕುಂಕುಮ ಇಟ್ಟು ಮನೆಗೆ ಹೋದರು. ತಟ್ಟೆಗೆ ಪೂಜೆ ಮಾಡಿ ಒಲೆಯನ್ನು ಬಿಡುವುದುಂಟೇ ಎಂದುಕೊಂಡೆ. ಗುಡಿಸಲೆಂದು ಗಂಗಾಧರ ಕೊಟ್ಟಿದ್ದ ಬೀಗದಕೈಯಿಂದ ತಣ್ಣನೆ ರೂಮು ತೆಗೆದು, ಪೆಟ್ಟಿಗೆಯ ನೆತ್ತಿಯ ಮೇಲೆ ಮೂರು ಸಲ ಅರಿಶಿನದ ನೀರು ಹುಯ್ದೆ.

ಹಬ್ಬ ಕಳೆದು ಬಂದರೆ ಎಪ್ಪತ್ತರಲ್ಲಿ ಒಂದರಲ್ಲೂ ಕೆಲಸ ನಡೆಯಲಿಲ್ಲ. ಮಾಲು ತುಂಬಿದ ಲಾರಿಗಳು ಕಾಗದವಿಲ್ಲದೆ ಗೇಟಿನಲ್ಲಿ ನಿಂತವು. ಗಂಗಾಧರ ಎದ್ದ. ಪೆಟ್ಟಿಗೆ ಬಿಚ್ಚಿ, ಹಳದಿ ಕಲೆ ಕಂಡು, ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

“ಯಾರು ನೀರು ಹಾಕಿದ್ದು?” ಮೇನೇಜರ್ ಕೇಳಿದರು.

“ನಾನೇ ಸಾರ್. ಪೂಜೆಗೆ,” ಎಂದ ಗಂಗಾಧರ.

ಕಂಪ್ಯೂಟರ್ ಓದಿದವನೇ ಅದಕ್ಕೆ ನೀರು ಹುಯ್ದ ಎಂದು ಆಫೀಸೆಲ್ಲ ನಕ್ಕಿತು. ವಾರದೊಳಗೆ ಅವನನ್ನು ಕಲ್ಯಾಣದುರ್ಗದ ಗೋಡೌನಿಗೆ ಹಾಕಿದರು. ಅಲ್ಲಿದ್ದದ್ದು ಮೂರೇ ಕಂಪ್ಯೂಟರು.

ಹೊರಡುವ ದಿನ ಕೇಳಿದೆ: “ಯಾಕ್ಲಾ ಹಂಗಂದೆ?”

“ನನ್ನಾದ್ರೆ ಬೇರೆ ಊರಿಗೆ ಹಾಕ್ತಾರೆ, ನಿನ್ನ ಗೇಟಾಚೆ ಹಾಕ್ತಾರೆ. ಊರ್ಕೋ, ಸುಮ್ಕಿರವ್ವ.”

ಸುಮ್ಮನಿದ್ದೆ. ನನಗೆ ಕೆಲಸ ಬೇಕಿತ್ತು.

ಹೋದ ವರ್ಷ ತಂಗಿಯ ಮಗಳ ಮದುವೆಗೆಂದು ಕಲ್ಯಾಣದುರ್ಗಕ್ಕೆ ಹೋದಾಗ ಆ ಗೋಡೌನು ಹುಡುಕಿಕೊಂಡು ಹೋಗಿ ಕೇಳಿದೆ.

“ಆ ನೀರು ಹುಯ್ದೋನಾ?” ಎಂದ ವಾಚ್‌ಮನ್ನು. “ಎಲ್ರೂ ಹಂಗೇ ಕರೀತಿದ್ರು. ತಾಳ್ಲಾರ್ದೆ ಕೆಲ್ಸ ಬಿಟ್ಟೋಗ್ಬುಟ್ಟ. ಎಲ್ಲಿಗೋ ಗೊತ್ತಿಲ್ಲ ಕಣಮ್ಮ.”

“ಹುಯ್ದಿದ್ದು ನಾನು,” ಎಂದೆ.

“ಅದ ನಂಗೇಳಿ ಏನ್ ಬಂತು?”

ಅವನು ಅಂದದ್ದು ಸರಿ. ಯಾರಿಗೆ ಹೇಳಬೇಕಿತ್ತೋ ಆ ಮೇನೇಜರ್ ಇನ್ನೂ ನಮ್ಮ ಆಫೀಸಿನಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಅವರ ಮೇಜು ಒರೆಸಿ ಈಚೆ ಬರುತ್ತೇನೆ.