ಹೀರೇಬಳ್ಳಿಗೆ ಕೈತೊಳೆದ ದೀಪಾವಳಿ

ದುಡ್ಡನ್ನು ನೀರಿನಂತೆ ಖರ್ಚು ಮಾಡಬೇಡಿ ಎಂದು ಎಲ್ಲ ಊರಿನ ಅಪ್ಪಂದಿರೂ ಮಕ್ಕಳಿಗೆ ಹೇಳುತ್ತಾರೆ. ಎಪ್ಪತ್ತರ ದಶಕದ ಬಳ್ಳಾರಿಯಲ್ಲಿ ನಮ್ಮಪ್ಪ, ನೀರನ್ನು ದುಡ್ಡಿನಂತೆ ಖರ್ಚು ಮಾಡಿ ಎನ್ನುತ್ತಿದ್ದರು. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯ ನಲ್ಲಿ ಬುಸುಗುಡುತ್ತಿತ್ತೇ ಹೊರತು ನೀರು ಕೊಡುತ್ತಿರಲಿಲ್ಲ. ಬೀದಿ ನಲ್ಲಿಯಿಂದ ಕೊಡ ಹೊತ್ತು ತರುವುದು ಅಕ್ಕನ ಪಾಲಿನ ಕೆಲಸ. ನಾನು ಕಾಲೇಜಿಗೆ ಹೋಗುವವಳೆಂದು ನನಗೆ ರಿಯಾಯಿತಿ ಇತ್ತು, ನಾನೂ ಅದನ್ನು ನಾಚಿಕೆಯಿಲ್ಲದೆ ಅನುಭವಿಸಿದೆ.

ಆ ವರ್ಷ ದೀಪಾವಳಿ ಪಾಡ್ಯದ ಊಟಕ್ಕೆ ಅಪ್ಪ ದೇಶನೂರಿನವರನ್ನು ಕರೆದರು. ಅಕ್ಕನನ್ನು ನೋಡಿಕೊಂಡು ಹೋಗಿ, ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದ ಜನ ಅವರು. ಅಕ್ಕನಿಗೋ ಆ ಮನೆ ಬೇಕೇ ಬೇಕಿತ್ತು. ಹುಡುಗನನ್ನು ಎಷ್ಟು ನೋಡಿದ್ದಳೋ ಕಾಣೆ, ಅವರ ಹಿತ್ತಲಲ್ಲೇ ಕಾಲುವೆ ಹರಿಯುತ್ತದೆ ಎಂಬುದನ್ನು ಮಾತ್ರ ಮಲಗುವಾಗಲೂ ಜಪಿಸುತ್ತಿದ್ದಳು.

ಇದೊಂದು ದಿನ ಧಾರಾಳವಾಗಿರಿ, ಪಕ್ಕದ ಮನೆಯಿಂದ ಸ್ಟೀಲ್ ತಟ್ಟೆ ತರೋಣ, ಕೈ ತೊಳೆಯಲು ಅಂಗಳದಲ್ಲಿ ಒಂದು ಹಂಡೆ ನೀರು ಇಡೋಣ ಎಂದು ಅವ್ವ ಬೇಡಿಕೊಂಡಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ನಮ್ಮೂರಲ್ಲಿ ಕಲ್ಲಿಗೇನೂ ಬರವಿಲ್ಲ, ಮಳೆಗೇ ಬರ.

ಅಪ್ಪನ ಹಬ್ಬಕ್ಕೆ ಅಪ್ಪನದೇ ಕಾನೂನು. ಪಟಾಕಿ ಇಲ್ಲ, ಏಕೆಂದರೆ ಪಡಸಾಲೆಯ ಫೋಟೋ ಹಿಂದೆ ಗುಬ್ಬಿ ಗೂಡು ಕಟ್ಟಿತ್ತು. ನಾನು ಬ್ರೂಸ್‌ಪೇಟೆಯಲ್ಲಿ ಆಸೆಪಟ್ಟು ನೋಡಿಬಂದ ಬಣ್ಣದ ಕಾಗದದ ಮಾಲೆಗೂ ಕೊಕ್ಕೆ ಬಿತ್ತು. ಚೆಂಡು ಹೂವು, ಮಾವಿನ ತೋರಣ ಸಾಕಂತೆ. ಊಟಕ್ಕೆ ಮುತ್ತುಗದ ಎಲೆಯ ಪತ್ರಾವಳಿ. ತೊಳೆಯುವ ತಂಟೆಯಿಲ್ಲ, ಉಂಡ ಎಲೆ ನೆರೆಮನೆಯ ಎಮ್ಮೆಗೆ. ಆ ಎಮ್ಮೆ ಬೆಳಗಿನಿಂದಲೇ ಕಾಂಪೌಂಡಿನ ಮೇಲೆ ಕತ್ತು ಚಾಚಿ ನಿಂತಿತ್ತು. ಕರೆಯದೆ ಬಂದರೂ ಎಲ್ಲರಿಗಿಂತ ಶಿಸ್ತಿನ ಅತಿಥಿ ಅದೇ. ಇನ್ನು ಕೈ ತೊಳೆಯುವುದು ಹಿತ್ತಲ ಹೀರೇಬಳ್ಳಿಯ ಬುಡದಲ್ಲಿ, ಅಪ್ಪ ಚೊಂಬಿನಿಂದ ಹಾಕಿದಷ್ಟೇ ನೀರಿನಲ್ಲಿ.

ಬಂದವರು ಹೋಳಿಗೆ, ಎಣ್ಣೆಗಾಯಿ ಎಲ್ಲವನ್ನೂ ಚೆನ್ನಾಗಿಯೇ ಉಂಡರು. ಹುಡುಗನ ತಾಯಿ ದೊಡ್ಡ ಮೈಕಟ್ಟಿನ, ಸಣ್ಣ ಮಾತಿನ ಹೆಂಗಸು. ಮೊಣಕೈವರೆಗೆ ಇಳಿದ ತುಪ್ಪದ ಕೈಯನ್ನು ಅವರು ಹೀರೇಬಳ್ಳಿಯ ಮುಂದೆ ಚಾಚಿದರು. ಅಪ್ಪ ಅರ್ಧ ಚೊಂಬು ಹಾಕಿ ನಿಲ್ಲಿಸಿದರು. ಆಕೆ ಕೈ ಚಾಚಿಕೊಂಡೇ ಇದ್ದರು. ಬಳ್ಳಿಗೆ ಇಷ್ಟು ಸಾಕು, ಹೆಚ್ಚಾದರೆ ಬೇರು ಕೊಳೆಯುತ್ತದೆ ಎಂದು ಅಪ್ಪ ಪಾಠ ಶುರುಮಾಡಿದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಂಬಂಧಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ ಎಂದುಕೊಂಡೆ ನಾನು. ಅದಕ್ಕಾದರೂ ಅಪ್ಪ ನೀರು ಕೊಡುತ್ತಾರೋ ಇಲ್ಲವೋ.

ಆಕೆ ಜಿಡ್ಡಿನ ಕೈಯನ್ನೊಮ್ಮೆ ನೋಡಿ, ಬಾಗಿಲಲ್ಲಿ ನಿಂತಿದ್ದ ಅಕ್ಕನತ್ತ ತಿರುಗಿದರು.

“ನೀನೂ ಹಿಂಗ ಅಳದು ಅಳದು ಹಾಕ್ತೀಯೇನವಾ?”

ಜಾಣೆಯಾದವಳು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದಳು. ಅಥವಾ ಊಹೂಂ ಅನ್ನುತ್ತಿದ್ದಳು. ನಮ್ಮಕ್ಕನಿಗೆ ಎಷ್ಟು ವರ್ಷದ ಕೊಡಗಳು ನೆನಪಾದವೋ ಏನೋ.

“ಇಲ್ರಿ. ನಾ ಮದಿವಿ ಆಗೋದ ನೀರು ಚೆಲ್ಲಾಕ್ರಿ.”

ಎಮ್ಮೆ ಎಲೆ ಜಗಿಯುತ್ತಲೇ ಇತ್ತು. ಬೇರಿನ ಬಗ್ಗೆ, ಗುಬ್ಬಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಅಪ್ಪ ಚೊಂಬನ್ನೇ ನೋಡುತ್ತ, ತಪ್ಪು ಮಾಡಿದ ಹುಡುಗನ ಹಾಗೆ ಸಣ್ಣ ದನಿಯಲ್ಲಿ ಹೇಳಿದರು.

“ಆಕಿ ಇನ್ನೊಂದು ಕೊಡ ಹೊರಬಾರದಂತ ನಾ ಅಳೀತೀನ್ರಿ.”

ನಮಗೆ ಇದು ಹೊಳೆದೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಅಪ್ಪ ಬರೀ ಜಿಪುಣ. ಮನೆಯಲ್ಲಿ ಅವರನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡು ನಗುತ್ತಿದ್ದವಳು ಅಕ್ಕ.

ಹುಡುಗನ ತಾಯಿ ಜಿಡ್ಡಿನ ಕೈಯನ್ನು ಹೀರೇ ಎಲೆಯೊಂದಕ್ಕೆ ಒರೆಸಿಕೊಂಡರು.

“ಹಂಗಾದ್ರ ಕಳಸ್ರಿ. ನಮ್ಮ ಕಾಲುವಿ ಚೆಲ್ಲಿ ಮುಗಸ್ಲಿ.”

ಎಲ್ಲರೂ ನಕ್ಕರು, ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ಅಕ್ಕ ಮಾತ್ರ ಅಪ್ಪನನ್ನು ನೋಡುತ್ತ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಸಂಬಂಧ ಗಟ್ಟಿಯಾದ ಸಂತೋಷಕ್ಕೆ ಹುಡುಗಿ ಅಳುತ್ತಿದ್ದಾಳೆಂದು ಬೀಗರು ತಿಳಿದುಕೊಂಡರು.