ಒಂದೇ ಸಲ ‘ನೀನು’ ಅಂದಿದ್ದು

ನನಗಾಗ ಮೂವತ್ತು ಇರಬೇಕು. ಅದಾಗಿ ನಲವತ್ತು ವರ್ಷದ ಮೇಲಾಯ್ತು. ಮೊನ್ನೆ ಮೊಮ್ಮಗಳು ತಲೆಗೆ ಹಾಕಿಕೊಳ್ಳಲು ಮತ್ತಿಸೊಪ್ಪು ಕಿವುಚುತ್ತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ, ಆಚೆಮನೆ ಅಕ್ಕ ಬಂದು ಎದುರಿಗೆ ಕೂತ ಹಾಗಾಯ್ತು...

ಜಯಪುರದ ಹತ್ತಿರ ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ನಮಗೂ ಅವಳಿಗೂ ನಡುವೆ ಒಂದೇ ಗೋಡೆ. ಅವಳು ಎರಡನೇ ಸಂಬಂಧಕ್ಕೆ ಬಂದವಳು. ಬರುವಾಗಲೇ ಮನೆಯಲ್ಲಿ ತಾಯಿ ಸತ್ತ ಹೆಣ್ಣು ಕೂಸೊಂದಿತ್ತು. ಅವಳಿಗೆ ಸ್ವಂತದ್ದು ಆಗಲಿಲ್ಲ. ಆ ಕೂಸಿಗೇ ಮತ್ತಿಸೊಪ್ಪು ಹಾಕಿ ಮೀಯಿಸಿ, ಜಡೆ ಹೆಣೆದು, ತನ್ನ ಪಾಲಿನ ಮೀನನ್ನೂ ಅದರ ತಟ್ಟೆಗೆ ಹಾಕಿ ಸಾಕಿದಳು.

ಕೂಸು ಅವಳನ್ನು ಅಮ್ಮ ಅಂತಿತ್ತು. ಆದರೆ ‘ಅಮ್ಮ, ನೀವು’. ಹೊಸ ಅಮ್ಮನಿಗೆ ಮರ್ಯಾದೆ ಕೊಡಬೇಕು ಅಂತ ಅಪ್ಪ ಮೊದಲ ದಿನವೇ ಹೇಳಿಕೊಟ್ಟಿದ್ದ. ನಮ್ಮಲ್ಲಿ ಹೆತ್ತವಳಿಗೆ ಯಾರು ನೀವು ಅಂತಾರೆ? ಅದು ಲೆಕ್ಕ ಬರೆಯುವ ರೈಟ್ರಿಗೆ, ಮೇಷ್ಟ್ರಿಗೆ, ಗುರುತಿಲ್ಲದವರಿಗೆ. ಈ ಮರ್ಯಾದೆ ಅನ್ನುವ ಮಾತೇ ಹಾಗೆ. ಮಠದಲ್ಲಿ ದೊಡ್ಡವರಿಗೆ ಶಾಲು ಹೊದೆಸಿದರೆ ಅದು ಮರ್ಯಾದೆ. ರೈಟ್ರು ‘ಮರ್ಯಾದೆಯಲ್ಲಿ ಕೆಲಸ ಮಾಡಿ’ ಅಂದರೆ ಅದು ಬೈಗುಳ. ಅಕ್ಕನಿಗೆ ಸಿಕ್ಕಿದ್ದು ಮೂರನೇ ನಮೂನೆಯದ್ದು.

‘ನಿನ್ನ ಮಗಳದ್ದು ಎಂಥ ಮರ್ಯಾದೆ ಮಾರಾಯ್ತಿ! ನನ್ನವು ನನಗೆ ಹೋಗೇ ಬಾರೇ ಅಂತಾವೆ’ ಅಂದೆ ಒಂದು ಸಲ.

‘ನಿಂಗೆ ಪುಣ್ಯ ಉಂಟು, ಅನ್ನಿಸ್ಕೊಳ್ತೀ.’

‘ನೀನು ಅನ್ನು ಅಂತ ನೀನೇ ಹೇಳು ಅದಕ್ಕೆ.’

‘ಹೇಳಿಕೊಟ್ಟು ಅನ್ನಿಸ್ಕೊಂಡ್ರೆ ಅದೆಂತ ಚಂದ?’

ಹುಡುಗಿ ದೊಡ್ಡದಾದ ಮೇಲೆ ಒಂದು ದಿನ, ಹೇಳದೆ ಕೇಳದೆ ಹರಿಹರಪುರಕ್ಕೆ ಹೋಗಿ ಸಂಜೆಗೆ ಬಂತು. ಅಕ್ಕ ಬೈದಳು. ಗೋಡೆಯಾಚೆಯಿಂದ ಕೇಳಿತು, ‘ನನ್ನ ಕೇಳಕ್ಕೆ ನೀನು ಯಾರೇ?’

ಗಾಬರಿಯಾಗಿ ಓಡಿದೆ. ಅಕ್ಕ ಬಾಗಿಲಲ್ಲಿ ನಗುತ್ತಾ ನಿಂತಿದ್ದಳು. ‘ಕೇಳ್ತಾ ನಿಂಗೆ? ನೀನು ಅಂತು!’

‘ಹುಚ್ಚೀ, ಅದು ನಿಂಗೆ ಬೈದದ್ದು.’

‘ಬೈಲಿ ಬಿಡು. ಹೊರಗಿನವ್ರಿಗೆ ಹಿಂಗೆ ಬೈತಾರನೇ?’

ಆ ಸಂತೋಷ ಅವಳ ಗಂಡ ಬರುವವರೆಗೆ. ಲೈನಿನವರು ಯಾರೋ ಅವನ ಕಿವಿಗೆ ಹಾಕಿದ್ದರು. ಮಗಳ ಕೆನ್ನೆಗೆ ಬಾರಿಸಿ ಅಕ್ಕನ ಕಾಲು ಹಿಡಿಸಿದ. ‘ಬಿಡಿ, ಬಿಡಿ ಅಂದೆ’ ಅಂತ ಅಕ್ಕ ಕೂಗಿದ್ದು ಯಾರಿಗೆ ಬೇಕು? ‘ತಪ್ಪಾಯ್ತು, ನೀವು ಕ್ಷಮಿಸಿ’ ಅಂತು ಹುಡುಗಿ. ಮತ್ತೆಂದೂ ಅದರ ಬಾಯಿ ತಪ್ಪಲಿಲ್ಲ.

ಮದುವೆಯಾಗಿ ನರಸಿಂಹರಾಜಪುರದ ಕಡೆ ಹೋಯಿತು. ಅಕ್ಕ ಕಾಮಾಲೆಯಾಗಿ ಮಲಗಿದಾಗ ಓಡಿ ಬಂತು. ಹೇಲುಚ್ಚೆ ಬಾಚಿತು, ಅಸಹ್ಯ ಪಡಲಿಲ್ಲ. ‘ಅಮ್ಮ, ನೀವು ಒಂದು ಗುಟುಕು ಗಂಜಿ ಕುಡೀರಿ’ ಅನ್ನುವಾಗೆಲ್ಲ ಅಕ್ಕ ಅದರ ಬಾಯನ್ನೇ ನೋಡುತ್ತಿದ್ದಳು... ಹಾಗೇ ಹೋದಳು. ‘ಹೊಟ್ಟೇಲಿ ಹುಟ್ಟಿದವ್ರೂ ಇಷ್ಟು ಮರ್ಯಾದೆ ಮಾಡಲ್ಲ’ ಅಂತ ಸುಡಲು ಬಂದವರೆಲ್ಲ ಹೊಗಳಿದರು.

ಈಗ ಆ ಲೈನು ಇಲ್ಲ. ಅಕ್ಕನ ಫೋಟೋ ಒಂದೂ ಇಲ್ಲ. ಮುಖ ಅರ್ಧ ಮಾಸಿದೆ. ಮನೆಯಾಚೆ ನನಗೂ ಈಗ ಎಲ್ಲರೂ ನೀವು ಅನ್ನುವವರೇ. ನೀನು ಅನ್ನುವ ಓರಗೆಯವರೆಲ್ಲ ಸತ್ತರು.

ಆಗ ಅಕ್ಕನನ್ನು ಸುಟ್ಟ ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೋದೆ. ‘ನಿನ್ನೆ ಯಾಕೆ ಬರ್ಲಿಲ್ಲ? ಸತ್ತದ್ದು ನಿನಗೆ ಎಂತ ಆಗಬೇಕು?’ ಅಂತ ರೈಟ್ರು ಕೇಳಿದರು. ‘ಎಂತೂ ಆಗಬೇಕಿಲ್ಲ’ ಅಂದೆ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕಾಫಿ ಹಣ್ಣು ಕೊಯ್ಯಲು ನಿಂತೆ.