ಉಣ್ಣೆ ಅಂದರೆ ಯಾವ ಉಣ್ಣೆ?

ಸಂಜೆ ಹುಲ್ಲುಗಾವಲಿನಿಂದ ಕುರಿ ಹೊಡೆದುಕೊಂಡು ಬಂದವರು ಮನೆಗೆ ಹೋಗುವ ಮೊದಲು ಚಿಮಟದಕ್ಕನ ಮುಂದೆ ನಿಲ್ಲಬೇಕು. ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಾಳೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸದೆ ಹೋದವನಿಗೆ ಮೊದಲು ಬೈಗುಳ, ಆಮೇಲೆ ತಪಾಸಣೆ. ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ಯಾವುದನ್ನೂ ಬಿಡುವವಳಲ್ಲ. ಮೈಗೆ ಕಚ್ಚಿಕೊಂಡ ಹುಳ ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೆಟ್ಟಗೆ ಎಳೆದು ತೆಗೆಯುತ್ತಾಳೆ.

"ಒಂದು ತೊಟ್ಟು ಎಣ್ಣೆ ಬಿಟ್ರೆ ತಾನೇ ಬಿಡುತ್ತಲ್ಲಕ್ಕಾ?" ಎಂದ ಒಬ್ಬ ಕುರಿಗಾಹಿ.

"ಅದೇನು ನಿಮ್ಮ ಬೀಗರಾ, ಉಪಚಾರ ಮಾಡಿಸ್ಕೊಂಡು ಹೊರಡೋಕೆ? ಸೋಪು ಹಾಕಿ ತೊಳ್ಕೋ. ಕೆರಿಬೇಡ, ತುರಿಸಿದ್ರೆ ಒದ್ದೆ ಬಟ್ಟೆ ಹಾಕು. ಮೂರ್ನಾಲ್ಕು ವಾರದೊಳಗೆ ಜ್ವರ ಬಂತೋ, ಡಾಕ್ಟ್ರಿಗೆ 'ಹುಳ ಕಚ್ಚಿತ್ತು' ಅನ್ನು. ಉಣ್ಣೆ ಅನ್ಬೇಡ."

ಕುರಿಯ ಮೈಮೇಲಿನ ತುಪ್ಪಳವೂ ಊರಿನವರಿಗೆ ಉಣ್ಣೆಯೇ, ಅದರೊಳಗೆ ಅಡಗಿ ರಕ್ತ ಹೀರುವ ಹುಳವೂ ಉಣ್ಣೆಯೇ. ಹುಟ್ಟಿದಾಗಿನಿಂದ ಎರಡರ ಜೊತೆಗೇ ಬದುಕಿದವರಿಗೆ ಯಾವ ಗೊಂದಲವೂ ಇಲ್ಲ. ಗೊಂದಲವಾದದ್ದು ಆಸ್ಪತ್ರೆಯಲ್ಲಿ, ಅದೂ ಒಂದೇ ಒಂದು ಸಲ.

ಹೋದ ವರ್ಷ ಚಿಮಟದಕ್ಕನ ಗಂಡನಿಗೆ ಜ್ವರ ಬಂತು. ಊರಿನಲ್ಲೇ ಕೈಚಳಕಕ್ಕೆ ಹೆಸರಾದ ಉಣ್ಣೆ ಕತ್ತರಿಸುವವನು, ಅವತ್ತು ಕತ್ತರಿ ಎತ್ತಲಾರದೆ ಕೂತುಬಿಟ್ಟ. ಅತ್ತೆ ಸೊಸೆ ಇಬ್ಬರೂ ಸೇರಿ ಅವನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದರು. ಹೊಸದಾಗಿ ಬಂದಿದ್ದ ಡಾಕ್ಟರು ಏನಾಯಿತೆಂದು ಕೇಳಿದರು.

"ಉಣ್ಣೆ ಸಾರ್. ಕಾಲೆಲ್ಲ ತುರಿಕೆ, ನಿನ್ನೆಯಿಂದ ಜ್ವರ," ಎಂದಳು ಸೊಸೆ.

"ಉಣ್ಣೆ ಕೆಲಸಾನಾ ಇವರದು?"

"ಹೌದು ಸಾರ್."

ಕೆಲವರ ಮೈಗೆ ಉಣ್ಣೆ ಒಗ್ಗುವುದಿಲ್ಲ, ಸ್ವಲ್ಪ ದಿನ ಕೊಟ್ಟಿಗೆಗೆ ಹೋಗಬೇಡಿ ಎಂದು ಡಾಕ್ಟರು ಮುಲಾಮು, ಜ್ವರದ ಮಾತ್ರೆ ಬರೆದರು. ಅವಳಿಗೆ ಆಗಲೇ ಎಲ್ಲೋ ಎಡವಟ್ಟಾಯಿತು ಅನ್ನಿಸಿತ್ತು. ಆದರೆ ಹಿಂದೆ ಸಾಲು ನಿಂತಿತ್ತು. ಓದಿದವರಿಗೆ ತಿದ್ದಿ ಹೇಳುವಷ್ಟು ದೊಡ್ಡವಳಾ ನಾನು ಎಂದುಕೊಂಡು ಚೀಟಿ ತೆಗೆದುಕೊಂಡು ಎದ್ದಳು. ಜ್ವರ ಇಳಿಯಲೇ ಇಲ್ಲ; ಐದನೆಯ ದಿನ ದೊಡ್ಡಾಸ್ಪತ್ರೆಯವರು ಅವನ ಮಂಡಿಯ ಹಿಂದೆ ಊದಿಕೊಂಡಿದ್ದ ಹುಳವನ್ನು ತೆಗೆದರು. ಹೊತ್ತು ಮೀರಿತ್ತು. ಮೂವತ್ತೆಂಟು ವರ್ಷಕ್ಕೇ ಹೋಗಿಬಿಟ್ಟ, ಪಾಪ.

ಊರು ಡಾಕ್ಟರ ಮೇಲೆ ತಿರುಗಿಬಿತ್ತು. ಎಲ್ಲರಿಗಿಂತ ಜೋರಾಗಿ ಶಾಪ ಹಾಕಿದವಳು ಅತ್ತೆ. "ನನ್ನ ಮಗನ್ನ ತಿಂದ್ಕೊಂಡ, ಅವನ ಕೈ ಸೇದಿಹೋಗ!" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಎದೆ ಬಡಿದುಕೊಂಡಿದ್ದಳು. ಸೊಸೆ ಆಗಲೂ ತುಟಿ ಪಿಟಿಕ್ಕೆನ್ನಲಿಲ್ಲ. ಅಂದಿನಿಂದ ಕೊಟ್ಟಿಗೆಯ ಬಾಗಿಲಲ್ಲಿ ಚಿಮಟ ಹಿಡಿದು ಕೂತಳು, ಅಷ್ಟೆ.

ಈಗ ಡಾಕ್ಟರ ಮೇಲೆ ವಿಚಾರಣೆ. ಊರಿನವರು ಅವಳ ಹೆಸರಿನಲ್ಲಿ ಹೇಳಿಕೆ ಬರೆಸಿ ತಂದಿದ್ದರು: ಹುಳ ಕಚ್ಚಿದೆಯೆಂದು ಸ್ಪಷ್ಟವಾಗಿ ಹೇಳಿದ್ದರೂ ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ, ಎಂದು. ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹೋಗಿ ಅದಕ್ಕೆ ಅವಳು ಸಹಿ ಹಾಕಿದರೆ ಡಾಕ್ಟರ ಕೆಲಸ ಹೋಗುತ್ತದೆ. ಹಾಕದಿದ್ದರೆ ಅತ್ತೆಯ ಮನೆಯಲ್ಲಿ ತನಗೆ ಜಾಗ ಉಳಿಯುತ್ತದೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಂದಳು:

"ಅತ್ತೆ, ನಾನು ಹುಳ ಅಂತ ಹೇಳ್ಲೇ ಇಲ್ಲ. ಬರೀ ಉಣ್ಣೆ ಅಂದೆ. ಅವರು ತಪ್ಪು ತಿಳ್ಕೊಂಡ್ರು ಅಂತ ಗೊತ್ತಾದ್ರೂ ಸುಮ್ನೆ ಎದ್ದು ಬಂದೆ. ನಾನೇ ಕೊಂದೆ ಅವರನ್ನ."

ಅತ್ತೆ ಬೈಯಲಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಅವಳ ಎದುರು ಬಂದು ಕೂತಳು.

"ಅವತ್ತು ಆಸ್ಪತ್ರೇಲಿ ಪಕ್ಕದಲ್ಲೇ ಕೂತಿದ್ನಲ್ಲೇ ನಾನು," ಎಂದಳು. "ನಂಗೂ ಗೊತ್ತಾಯ್ತು. ಸೊಸೆ ಹೇಳ್ತಾಳೆ ಬಿಡು, ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ. ಹೆತ್ತೋಳು ಕಣೆ ನಾನು."

ಸೊಸೆ ಅತ್ತೆಯ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳನ್ನು ಎಬ್ಬಿಸಿ, ಸೆರಗಿನಿಂದ ಮುಖ ಒರೆಸಿದಳು.

"ಏಳು. ಇಬ್ಬರೂ ಹೋಗಿ ಹೇಳಿ ಬರೋಣ. ಮೊದಲು ನಾನು ಹೇಳ್ತೀನಿ."